ಗಾದಿಯ ಪಕ್ಕದ ಕಂಬಳಿ

ಅವ್ವಾ,

ನಿನ್ನ ಮೊಮ್ಮಗಳ ಮದುವೆಗೆ ಸೀರೆ ತರಲು ಇವತ್ತು ಮೊಳಕಾಲ್ಮೂರಿಗೆ ಹೋಗಿದ್ದೆ. ಚಳಿ ಜೋರಾಗಿತ್ತು, ನಿನ್ನ ಕರಿ ಕಂಬಳಿಯನ್ನೇ ಹೊದ್ದಿದ್ದೆ. ಬಿಳಿ ಗಾದಿಯ ಮೇಲೆ ಕೂರಲು ಹೋದಾಗ ಅಂಗಡಿಯವನು ನನ್ನ ಮುಖ ನೋಡಲಿಲ್ಲ, ಕಂಬಳಿ ನೋಡಿದ.

"ಕುರಿಯೋರು ಹೊರಗೇ ಇರ್ರಿ, ಗಾದಿ ಹೊಲಸಾಗ್ತೈತೆ. ಅಲ್ಲಿಗೇ ತಂದು ತೋರಿಸ್ತೀನಿ" ಅಂದ.

ಮೈಯೆಲ್ಲ ಉರಿಯಿತು. ಆದರೂ ಜಗಳಕ್ಕೆ ನಿಲ್ಲಲಿಲ್ಲ. ನೆಂಟರು ಬಂದಾಗ ನೀನು ಹಾಸುತ್ತಿದ್ದಂತೆಯೇ ಕಂಬಳಿಯನ್ನು ಅವನ ಗಾದಿಯ ಪಕ್ಕದಲ್ಲಿ ನೆಲಕ್ಕೆ ಹಾಸಿ ಕೂತೆ.

ಒಳಗಿನಿಂದ ಅವನ ತಾಯಿ ಬಂದರು, ಬಹಳ ವಯಸ್ಸಾದವರು. ಕಂಬಳಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಪಕ್ಕ ಕೂತರು.

"ನಮ್ಮವ್ವ ನನ್ನ ಹೆತ್ತು ಮಲಗಿಸಿದ್ದು ಇಂಥ ಕಂಬಳಿ ಮ್ಯಾಲೇ ಕಣವ್ವ" ಅಂದರು. ಮಗನತ್ತ ತಿರುಗಿ, "ಸೀರೆ ಇಲ್ಲಿಗೇ ತಗಂಬಾರೋ" ಅಂದರು.

ಅವನು ತಂದು ಕಂಬಳಿಯ ಮೇಲೆ ಹರಡಿದ. ನಿನಗೆ ಇಷ್ಟವಾದ ಹಸಿರನ್ನೇ ಆರಿಸಿದೆ. ಆ ತಾಯಿ ಚೆನ್ನಾಗಿರಲಿ. ಕಂಬಳಿ ಹಾಸುವುದನ್ನು ನನಗೆ ಕಲಿಸಿದ ನಿನ್ನ ಕೈಗಳನ್ನು ದಾರಿಯುದ್ದಕ್ಕೂ ನೆನೆಯುತ್ತಾ ಬಂದೆ.

ನನ್ನ ಮದುವೆಯ ಸೀರೆ ತೆಗೆದದ್ದೂ ಅದೇ ಅಂಗಡಿಯಲ್ಲಿ. ನಾವೆಲ್ಲ ಒಳಗೆ ಸೀರೆ ನೋಡುತ್ತಿದ್ದಾಗ ನೀನು ಇದೇ ಕಂಬಳಿ ಹೊದ್ದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಬಾ ಅಂದರೆ, "ಒಳಗೆ ಸೆಕೆ ಕಣೇ, ನನಗೆ ಇಲ್ಲೇ ಹಿತವಾಗೈತೆ" ಅಂದಿದ್ದೆ.

ಅವತ್ತೂ ಇಂಥದೇ ಚಳಿಯಿತ್ತು, ಅವ್ವಾ.