ಕತೆಯ ಮೇಲೆ ಬಿದ್ದ ತೀರ್ಥ

ಅಕ್ಕ ಶಿವರುದ್ರಮ್ಮನವರಿಗೆ,

ಯುಗಾದಿಯ ಪಂಚಾಂಗದೊಡನೆ ನಾನು ಕತೆ ಬರೆದುಕೊಳ್ಳುವ ಪುಸ್ತಕವನ್ನೂ ಪೂಜೆಗಿಟ್ಟು, ಧಾರಾಳವಾಗಿ ತೀರ್ಥ ಚಿಮುಕಿಸಿದ್ದೀರಿ. ಅಂತರಸಂತೆಯ ಪುಟ್ಟಸಿದ್ದಮ್ಮ ಹೇಳಿದ ಏಳು ಹಾಳೆಯ ಕತೆ ಶಾಯಿ ಕದಡಿ ಅಳಿಸಿಹೋಗಿದೆ. ಕೇಳಿದರೆ, “ನೀನಂತೂ ಕೈ ಮುಗಿಯಲ್ಲ, ನಿನ್ನ ಪುಸ್ತಕಕ್ಕಾದ್ರೂ ಒಳ್ಳೇದಾಗ್ಲಿ ಕಣೋ” ಎನ್ನುತ್ತೀರಿ! ದೇವರಿಲ್ಲವೆಂದು ನಾನು ಎಂದಾದರೂ ನಿಮ್ಮ ಗಂಟೆಯನ್ನು ಬಾವಿಗೆ ಎಸೆದೆನೆ?

ಆ ಕತೆ ಬಲ್ಲವರು ಆಕೆಯೊಬ್ಬರೇ. ವಯಸ್ಸು ಎಂಬತ್ತು ದಾಟಿದೆ. ಮತ್ತೆ ಕೇಳಿ ಬರೆದುಕೊಳ್ಳಲು ಈಗಲೇ ಹೊರಟಿದ್ದೇನೆ. ಉಳಿದ ಹಾಳೆಗಳು ಹಿತ್ತಲಲ್ಲಿ ಒಣಗುತ್ತಿವೆ, ದಯವಿಟ್ಟು ಮುಟ್ಟಬೇಡಿ. ನನ್ನ ಪಾಲಿನ ಒಬ್ಬಟ್ಟು ಎತ್ತಿಡಿ.

ಮಾರಮ್ಮನಿಗೆ ಕಾಯಿ ಒಡೆಯದವರಿಗೆ ಪುಟ್ಟಸಿದ್ದಮ್ಮ ಕತೆ ಹೇಳುವುದಿಲ್ಲ. ಆದುದರಿಂದ ನಿಮ್ಮ ದೇವರ ಮುಂದಿದ್ದ ತೆಂಗಿನಕಾಯಿ ನನ್ನ ಚೀಲದಲ್ಲಿದೆ. ಹುಡುಕಬೇಡಿ; ನಗಲೂಬೇಡಿ.

ನಿಮ್ಮ ತಮ್ಮ,
ಗುರುಸಿದ್ದಪ್ಪ