ಮೇಲಿನ ಸ್ವರ

ರಾಯ್ಸ್,

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಇವತ್ತು ಹೊರಬಂತು. ನಿನ್ನ ವಿಳಾಸ ನಿನ್ನಮ್ಮನ ಬಳಿ ಇದೆ; ಜಗಳವಾಡಿ ನಿನ್ನನ್ನು ಕಳೆದುಕೊಂಡ ನಾನು ಅದನ್ನು ಕೇಳಲಾರೆ.

ನಮ್ಮೂರು ಮೇಕನ್ನಿನಲ್ಲಿ, ನಾವು ಯಾವಾಗಲೂ ಹೋಗುತ್ತಿದ್ದ ಅದೇ ಮೀನಿನ ಹೋಟೆಲಿನಲ್ಲಿ ಎಲ್ಲರಿಗೂ ಹಾಡು ಕೇಳಿಸಿದೆವು. ನಾವಿಬ್ಬರೂ ಜೋಡಿಯಾಗಿ ಗಿಟಾರ್ ನುಡಿಸುತ್ತಿದ್ದ ಹಾಡಿನಲ್ಲಿ ಈಗ ನನ್ನ ಕೆಳಗಿನ ಸ್ವರ ಮಾತ್ರ ಇದೆ. ನಿನ್ನ ಮೇಲಿನ ಸ್ವರಕ್ಕೆ ಬೇರೆಯವರನ್ನು ಕರೆಸೋಣ ಎಂದು ಬ್ಯಾಂಡಿನವರು ಅಂದರು, ನಾನು ಒಪ್ಪಲಿಲ್ಲ.

ನಿನ್ನಮ್ಮ ಕರಿದ ಮೀನು ಮುರಿಯುತ್ತಾ, "ಏನೋ ಡೆಲ್ಮರ್, ಹಾಡು ಕುಂಟ್ತಾ ಇದೆಯಲ್ಲೋ! ಇನ್ನೊಂದು ಕಾಲೆಲ್ಲಿ?" ಎಂದರು.

"ಟೆಕ್ಸಾಸ್‌ನಲ್ಲಿದೆ, ಅಮ್ಮಾ."

"ಸರಿ, ಇನ್ನೊಂದ್ಸಲ ಹಾಕು."

ಹಾಕಿದೆ. ಅವರು ಕಣ್ಣು ಮುಚ್ಚಿ ನಿನ್ನ ಸ್ವರವನ್ನು ಎಲ್ಲೂ ತಪ್ಪದೆ ಗುನುಗಿದರು. ಹಾಡು ಮುಗಿದ ಮೇಲೂ, ನಿನ್ನ ಹಾಗೆಯೇ, ಕೊನೆಯ ಸ್ವರವನ್ನು ಎಳೆಯುತ್ತಲೇ ಇದ್ದರು.

ಅವತ್ತು ನಿನಗೆ 'ಸಾಕು' ಅಂದಿದ್ದೆ; ಈ ಸಲ ನಾನು ಅನ್ನಲಿಲ್ಲ.