ಚಂದ್ರಾಮನ ಹೆಸರಿನ ಕಾಗದಗಳು

ವಡಾಲ, ಮುಂಬಯಿ
17 ನವೆಂಬರ್ 1974

ಪ್ರೀತಿಯ ಅವ್ವಾ,

ನಿನ್ನ ಮಗ ಅಮೀರಸಾಬನ ಸಲಾಮು. ಮೊಣಕಾಲು ನೋವು ಹೇಗಿದೆ? ಚಳಿ ಶುರುವಾಗಿರಬೇಕು, ನೀರಿಗೆ ನೀನು ಹೋಗಬೇಡ, ತಂಗಿ ಚಾಂದಬಿ ತರಲಿ. ಇದನ್ನು ಓದಿ ಹೇಳುತ್ತಿರುವ ಸಂಗಪ್ಪ ಮಾಸ್ತರರಿಗೂ ನಮಸ್ಕಾರ. ಅಜೀಜಾಬಿಯನ್ನು ನನಗೆ ಹೆಂಡತಿಯಾಗಿ ತರುವುದಾಗಿ ಅವಳ ಮನೆಯವರಿಗೆ ಮಾತು ಕೊಡಬೇಕೆಂದು ಬರೆಸಿದ್ದೀ. ಅದಕ್ಕೆ ಮೊದಲು ಇಲ್ಲಿ ನಡೆದದ್ದು ನಿನಗೆ ಗೊತ್ತಿರಲಿ. ಎಂಟು ದಿನದಿಂದ ನಾನು ಚಾಳಿನಲ್ಲಿ ತಲೆ ಎತ್ತಿ ನಡೆದಿಲ್ಲ.

ನಮ್ಮ ಚಾಳಿನಲ್ಲಿ ಏಳನೆಯ ಇಯತ್ತೆ ಪಾಸಾದವನು ನಾನೊಬ್ಬನೇ. ಹೀಗಾಗಿ ರವಿವಾರ ನಮ್ಮ ಕಡೆಯ ಜನ ಊರಿಗೆ ಕಾಗದ ಬರೆಸಲು ನನ್ನ ಖೋಲಿಗೆ ಬರುತ್ತಾರೆ. ಹೇಳಿದ ಹಾಗೆ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಇಂಡಿ ಕಡೆಯ ಚಂದ್ರಾಮ, 'ಯವ್ವಾ, ಖೋಲಿ ಸಣ್ಣದ ಅದ, ಲೋಕಲ್‌ನ್ಯಾಗ ಗರ್ದಿ ಭಾಳ, ನೀ ಫಿಕರ್ ಮಾಡಬ್ಯಾಡ' ಎನ್ನುತ್ತಿದ್ದ. ನಾನು 'ಪೂಜ್ಯ ಮಾತೃಶ್ರೀಯವರೇ, ಕೊಠಡಿ ಕಿರಿದಾಗಿದೆ, ರೈಲಿನಲ್ಲಿ ಜನಸಂದಣಿ ಅಧಿಕ, ತಾವು ಚಿಂತಿಸಬಾರದು' ಎಂದು ಬರೆಯುತ್ತಿದ್ದೆ. ಪತ್ರಿಕೆ ಓದಿ ಓದಿ ಬಂದ ಭಾಷೆ. ಬೆರಕೆ ಮಾತನ್ನು ತೊಳೆದುಕೊಟ್ಟೆನೆಂಬ ಹೆಮ್ಮೆ ಬೇರೆ. ಓದಿ ತೋರಿಸಿದರೆ, ನನ್ನನ್ನೂ ಮಾಸ್ತರ ಎನ್ನುವ ಚಂದ್ರಾಮ, 'ಮಾಸ್ತರ, ಇದು ನಾ ಹೇಳಿದ್ದೇನ್ರೀ, ವಕೀಲರು ಹೇಳಿದ್ದೇನ್ರೀ?' ಎಂದು ನಗುತ್ತಿದ್ದ. ನಾನು ನಗುತ್ತಿರಲಿಲ್ಲ.

ಹೋದ ರವಿವಾರ ಅವನ ತಾಯಿ ಮಲ್ಲಕ್ಕ, ತನ್ನ ಮೈದುನ ಕಾಶಪ್ಪನನ್ನು ಕಟ್ಟಿಕೊಂಡು, ಹೇಳದೆ ಕೇಳದೆ ಬಂದಳು. ಚಾಳಿನ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ: 'ನನ್ನ ಮಗನ್ನ ಎಲ್ಲಿ ಮಣ್ಣ ಮಾಡೀರಿ?' ಆರು ತಿಂಗಳ ಕಾಗದಗಳಲ್ಲಿ ಮಗನ ಒಂದು ಮಾತೂ ಅವಳಿಗೆ ಕೇಳಿಸಿರಲಿಲ್ಲ. ಮಗ ಸತ್ತಿದ್ದಾನೆ, ಯಾರೋ ಸಾಹೇಬರು ಅವನ ಹೆಸರಿನಲ್ಲಿ ಬರೆದು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡಿದ್ದಳು. ಚಂದ್ರಾಮ ನಲ್ಲಿಯ ಹತ್ತಿರದಿಂದ ಒದ್ದೆ ಮೈಯಲ್ಲೇ ಓಡಿಬಂದ. 'ಯವ್ವಾ, ಹುಚ್ಚಿ, ಇಷ್ಟ ಗರ್ದಿಯಾಗ ಹ್ಯಾಂಗ ಬಂದಿ?' ಎಂದ. ಆಗ ಅವಳಿಗೆ ಅಳು ಬಂತು. ಆಮೇಲೆ ಚಂದ್ರಾಮ ನನ್ನನ್ನು ತೋರಿಸಿದಾಗ ನನ್ನ ಕಡೆ ನೋಡಿ, 'ನೀನ ಏನಪ್ಪಾ ಬರದಾಂವ? ಭಾಳ ಛಲೋ ಬರದೀದಿ. ಅದರಾಗ ನನ್ನ ಮಗ ಒಬ್ಬಾವ ಇರಲಿಲ್ಲ' ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಪತ್ರಿಕೆಯ ಒಂದೇ ಪುಟದಲ್ಲಿ ಜಿಲ್ಲೆ, ಅರ್ಜಿ, ರೈತ, ಸರಕಾರ ಎಂಬ ಶಬ್ದಗಳ ಕೆಳಗೆ ಗೆರೆ ಎಳೆದೆ. ಎಲ್ಲವೂ ಹೊರಗಿನ ಭಾಷೆಗಳಿಂದ ಬಂದವು. ಜನ ದಿನವೂ ಆಡಿ ಆಡಿ ಕನ್ನಡ ಮಾಡಿಕೊಂಡವು. ಗರ್ದಿ, ಲೋಕಲ್ ಕೂಡ ಅದೇ ದಾರಿಯಲ್ಲಿವೆ. ನಾನು ತಿದ್ದಿದ್ದು ಕನ್ನಡವನ್ನಲ್ಲ, ಚಂದ್ರಾಮನನ್ನು. ಈಗ ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಚಾಂದಬಿಗೆ ನೆನಪು. ನಿನ್ನ ದುವಾ ನನ್ನ ಮೇಲಿರಲಿ.

ನಿನ್ನ ಮಗ,
ಅಮೀರಸಾಬ

ತಾ.ಕ.: ಮಾಸ್ತರರೇ, ಇದನ್ನು ಮೆತ್ತಗೆ ಮಾಡದೆ ಹಾಗೇ ಅವ್ವನಿಗೆ ಓದಿ ಹೇಳಿ. 'ಬಂದರಿನ ಸರಕು ವಿಭಾಗದಲ್ಲಿ ಉದ್ಯೋಗ' ಎಂದು ಎರಡು ವರ್ಷದ ಹಿಂದೆ ಬರೆದಿದ್ದೆ. ನೀನು ಕಾರಕೂನಕಿ, ಕುರ್ಚಿಯ ಮೇಲಿನ ಕೆಲಸ ಎಂದು ತಿಳಿದು ಊರಿಗೆಲ್ಲ ಹೇಳಿದೆ, ನಾನು ಸುಮ್ಮನಿದ್ದೆ. ಅವ್ವಾ, ನಾ ಇಲ್ಲಿ ಹಮಾಲಿ ಮಾಡತೀನಿ, ಚೀಲ ಹೊರತೀನಿ. ಮೊದಲ ಅಜೀಜಾಬಿಗೆ ಇದನ್ನ ಹೇಳು, ಆಮ್ಯಾಲ ಮಾತು ಕೊಡು.